ಸಿಪಾಯಿ ಮುದ್ದಯ್ಯನ ಬಲಗೈ

ಸಿಪಾಯಿ ಮುದ್ದಯ್ಯನ ಬಲಗೈ ಬೀಳಿಸಿದ್ದು ಕೆಂಪೀರಯ್ಯನ ಎಮ್ಮೆ ಎಂದೇ ಮೊದಲ ದಿನ ಊರೆಲ್ಲ ನಂಬಿತ್ತು. ನಂಬದೆ ಇನ್ನೇನು ಮಾಡುತ್ತಾರೆ, ಕಣ್ಣಾರೆ ಕಂಡವರು ಹನ್ನೊಂದು ಜನರಿದ್ದರು. ಸಂತೆಮಾಳದ ನಡುವೆ ಕಟ್ಟೆಯ ಮೇಲೆ ನಿಂತಿರುವ ಕಲ್ಲಿನ ಸಿಪಾಯಿಗೆ ಎಮ್ಮೆ ಹೋಗಿ ಬೆನ್ನು ಉಜ್ಜಿತು. ಮುಂದಕ್ಕೆ ಚಾಚಿದ್ದ ಅವನ ಬಲಗೈ ಮಣಿಕಟ್ಟಿನ ಹತ್ತಿರ ಕಳಚಿ ದೊಪ್ಪೆಂದು ಬಿತ್ತು. ಎಮ್ಮೆ ಅದನ್ನೊಮ್ಮೆ ಮೂಸಿ ನೋಡಿ, ತಿನ್ನುವ ಪದಾರ್ಥವಲ್ಲವೆಂದು ಖಾತ್ರಿ ಮಾಡಿಕೊಂಡು ಆಚೆ ಹೋಯಿತು. ಮರುದಿನ ಬೆಳಿಗ್ಗೆ ಕೆಂಪೀರಯ್ಯ ಎಮ್ಮೆಯ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಕೈ ಕೂಡಿಸುವುದಕ್ಕೆಂದು ಅದನ್ನು ಕಟ್ಟೆಯ ಹತ್ತಿರ ಹೊಡೆದುಕೊಂಡು ಬಂದ.

ನಮ್ಮೂರಲ್ಲಿ ಒಡೆದದ್ದನ್ನು ಒಡೆದವರೇ ಕೂಡಿಸಬೇಕು. ಬೇರೆ ಯಾರು ಕೂಡಿಸಿದರೂ, ಎಂಥ ಅಂಟು ಹಾಕಿದರೂ, ಬೆಳಗಾಗುವಷ್ಟರಲ್ಲಿ ಬಿಟ್ಟುಕೊಂಡಿರುತ್ತದೆ. ಒಡೆದವರು ಕೂಡಿಸಿದರೆ ಮಾತ್ರ, ಎಷ್ಟೇ ಸೊಟ್ಟಗಿರಲಿ, ನಿಲ್ಲುತ್ತದೆ. ಹೀಗಾಗಿ ನಮ್ಮೂರ ದರ್ಜಿ ಹೊಸ ಬಟ್ಟೆಯನ್ನಷ್ಟೇ ಹೊಲಿಯುತ್ತಾನೆ. ಹರಿದ ಬಟ್ಟೆ ತಂದವರಿಗೆ ಸೂಜಿಗೆ ದಾರ ಪೋಣಿಸಿ ಕೊಟ್ಟುಬಿಡುತ್ತಾನೆ, ಅವರು ಜಗಲಿಯ ಮೇಲೆ ಸಾಲಾಗಿ ಕೂತು ಹೊಲಿದುಕೊಳ್ಳುತ್ತಾರೆ. ಹೆಣ್ಣು ಕೊಡುವವರು ಹುಡುಗನ ಜಾತಕ ಕೇಳುವುದಿಲ್ಲ, ‘ಅವನು ಕೂಡಿಸಿದ ಮಡಕೆ ಒಂದಿದ್ದರೆ ತೋರಿಸಿ’ ಎನ್ನುತ್ತಾರೆ. ಪರ ಊರಿನ ನೆಂಟರು ಲೋಟ ಒಡೆದರೆ ಬಸ್ಸು ತಪ್ಪಿದರೂ ಸರಿ, ಕೂಡಿಸಿಯೇ ಹೊರಡಬೇಕು. ಒಮ್ಮೆ ಕಳ್ಳನೊಬ್ಬ ಪಟೇಲರ ಮನೆಯ ಬಾಗಿಲು ಮುರಿದು, ಒಳಗೆ ಏನೂ ಸಿಗದೆ ಓಡಿಹೋದ. ಎಂಟು ದಿನ ಬಾಗಿಲಿಲ್ಲದೆ ಮಲಗಿದ ಪಟೇಲರ ಫಜೀತಿ ಕಿವಿಗೆ ಬಿದ್ದು ಮನಸ್ಸು ತಡೆಯದೆ ಹಿಂದಕ್ಕೆ ಬಂದ. ಬಾಗಿಲು ಕೂಡಿಸಿ, ಬೈಸಿಕೊಂಡು, ಮುದ್ದೆ ಊಟ ಮಾಡಿ ಹೋದ. ಇಂಥ ಊರಲ್ಲಿ ತಪ್ಪು ಒಪ್ಪಿಕೊಳ್ಳುವುದು ದೊಡ್ಡ ಸಂಗತಿಯೇ ಅಲ್ಲ. ಒಪ್ಪಿಕೊಳ್ಳದಿದ್ದರೆ ಮನೆಯಲ್ಲಿ ನೀರು ತುಂಬಲು ಬಿಂದಿಗೆ ಇರುವುದಿಲ್ಲ, ಅಷ್ಟೆ.

ನನ್ನ ಹೆಸರು ಮೌನೇಶಾಚಾರಿ. ಸಂತೆಮಾಳದ ಮೂಲೆಯಲ್ಲಿರುವ ಒಡಕಿನ ಅಂಗಡಿ ನನ್ನದು. ಅಲ್ಲಿ ಅರಗು, ಅಂಟು, ಸುಣ್ಣ, ತಂತಿ, ಮೊಳೆ ಎಲ್ಲ ಉಂಟು, ಆದರೆ ನಾನು ಯಾವುದನ್ನೂ ಮುಟ್ಟುವುದಿಲ್ಲ. ಒಡೆದವರು ತಮ್ಮ ತಮ್ಮ ಚೂರುಗಳನ್ನು ತಂದು ಕೂರುತ್ತಾರೆ, ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಹೇಳಿಕೊಡುತ್ತೇನೆ. ‘ಅದನ್ನು ಕಾಯಿಸು. ಇದನ್ನು ಉಜ್ಜು. ಅಲ್ಲಲ್ಲ, ಆ ಕಡೆಯಿಂದ.’ ಈ ಅಂಗಡಿಯಲ್ಲಿ ಕೂರುವವನು ಜನ್ಮದಲ್ಲಿ ಏನನ್ನೂ ಒಡೆದಿರಬಾರದು ಎಂಬುದು ಊರಿನ ಪದ್ಧತಿ. ತಾನೇ ಒಡೆದವನು ಇನ್ನೊಬ್ಬರಿಗೆ ಏನು ಬುದ್ಧಿ ಹೇಳಿಯಾನು ಎಂದು ಹಿರಿಯರು ಹಾಗೆ ಮಾಡಿದ್ದು. ಹದಿನೆಂಟನೇ ವಯಸ್ಸಿನಲ್ಲಿ ನನ್ನನ್ನು ‘ಒಡೆಯದ ಕೈ’ ಎಂದು ಆರಿಸಿ ಕೂರಿಸಿದರು. ಅಂದಿನಿಂದ ಮೂವತ್ತನಾಲ್ಕು ವರ್ಷ ಹಿತ್ತಾಳೆ ತಟ್ಟೆಯಲ್ಲಿ ಉಂಡು, ಕಂಚಿನ ಲೋಟದಲ್ಲಿ ಕುಡಿದು, ಮಡಕೆಯಿರುವ ಕಡೆ ಸುಳಿಯದೆ ಬದುಕಿದ್ದೇನೆ. ದೇವರ ಮುಂದೆ ತೆಂಗಿನಕಾಯಿ ಒಡೆಯುವುದಕ್ಕೂ ನನ್ನ ಹೆಂಡತಿ ರುದ್ರಾಂಬೆಯೇ ಬರಬೇಕು. ‘ನಿಮ್ಮನ್ನ ಕಟ್ಕೊಂಡು ಹಪ್ಪಳ ಮುರಿಯೋ ಸದ್ದನ್ನೂ ಕೇಳಲಿಲ್ಲ ನಾನು’ ಎಂದು ಅವಳು ಆಗಾಗ ರೇಗಿಸುತ್ತಾಳೆ.

ಎಮ್ಮೆಯ ಕೈಲಿ ಕಲ್ಲು ಕೂಡಿಸುವುದು ಹೇಗೆ ಎಂದು ಹೇಳಿಕೊಡುವ ಕೆಲಸವೂ ನನ್ನದೇ ಆಯಿತು. ಸುಣ್ಣ, ಕಲ್ಲಿನ ಪುಡಿ, ಬೆಲ್ಲದ ನೀರು ಹಾಕಿ ಕಲಸಿದ ಗಾರೆ ಬುಟ್ಟಿಯಲ್ಲಿತ್ತು. ‘ಆಚಾರ್ರೇ, ನಮ್ಮೆಮ್ಮೆ ಹಾಲು ಕೊಡೋಕೇ ಮೊಕ ಸಿಂಡರಿಸ್ತದೆ, ಇನ್ನು ಗಾರೆ ಹಚ್ತದಾ?’ ಎಂದ ಕೆಂಪೀರಯ್ಯ. ‘ಮುಂಗಾಲು ಎತ್ತಿ ಹಿಡ್ಕೋ, ಗೊರಸಿಗೆ ಗಾರೆ ಮೆತ್ತು, ಕೈಯನ್ನ ಮಣಿಕಟ್ಟಿಗೆ ಇಟ್ಟು ಅದರಿಂದಲೇ ಒತ್ತಿಸು’ ಎಂದೆ. ನಾಲ್ಕು ಜನ ಎಮ್ಮೆಯನ್ನು ಕಟ್ಟೆಗೆ ಹತ್ತಿಸಿದರು. ಇಬ್ಬರು ಕಾಲೆತ್ತಿದರು. ಶಾಲೆಯ ಅಶ್ವತ್ಥಯ್ಯ ಮೇಷ್ಟ್ರು ‘ಸಾವಕಾಶ, ಸಾವಕಾಶ’ ಎನ್ನುತ್ತಾ ಹಿಂಬದಿಯಲ್ಲಿ ನಿಂತಿದ್ದರು, ನಿಲ್ಲಬಾರದಿತ್ತು. ಅವರ ಬಿಳಿ ಪಂಚೆ ಆಮೇಲೆ ಬಿಳಿಯಾಗಿ ಉಳಿಯಲಿಲ್ಲ. ಅಂತೂ ಗೊರಸಿನ ಗುರುತು ಎದ್ದು ಕಾಣುವ ಹಾಗೆ ಕೈ ಕೂತಿತು. ಮರುದಿನ ಹೋಗಿ ನೋಡಿದರೆ ಮುದ್ದಯ್ಯನ ಕೈ ಮತ್ತೆ ನೆಲದ ಮೇಲಿತ್ತು.

‘ಎಮ್ಮೆ ಅಲ್ಲ ಅಂದಮೇಲೆ ಕೈ ಮೊದಲೇ ಒಡೆದಿತ್ತು ಅಂತಾಯ್ತು. ಯಾರೋ ಹಿಂದೆಯೇ ಒಡೆದಿದ್ದಾರೆ. ಎಮ್ಮೆ ಉಜ್ಜಿದ್ದು ನೆಪ ಅಷ್ಟೆ’ ಎಂದರು ಮೇಷ್ಟ್ರು. ಕೆಂಪೀರಯ್ಯನಿಗೆ ಸಿಟ್ಟು ಬಂದಿತ್ತು. ‘ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಇನ್ನು ಆ ಎತ್ತು ಯಾರು ಅಂತ ಹುಡುಕ್ಕೊಳ್ಳಿ’ ಎಂದು ಎಮ್ಮೆಯ ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, ನಿರಪರಾಧಿಯನ್ನು ಊರ ತುಂಬಾ ಮೆರೆಸಿ ಮನೆಗೆ ಕರೆದುಕೊಂಡು ಹೋದ.

ಆ ಎತ್ತು ಯಾರೆಂದು ಊರಲ್ಲಿ ಗೊತ್ತಿದ್ದವನು ಒಬ್ಬನೇ, ನಾನು.

ಮುದ್ದಯ್ಯ ಗಡಿಯ ಯುದ್ಧದಲ್ಲಿ ತೀರಿಕೊಂಡ ಮರುವರ್ಷ ಅವನ ಪ್ರತಿಮೆ ಮಾಡಲು ಊರವರು ನನ್ನ ಅಪ್ಪನಿಗೆ ಒಪ್ಪಿಸಿದರು. ಕೋವಿಯನ್ನು ನೆಲಕ್ಕೂರಿ, ಬಲಗೈ ಮುಂದೆ ಚಾಚಿ ಅದನ್ನು ಹಿಡಿದು ನಿಂತ ಸಿಪಾಯಿ ಎಂದು ಮಾತಾಗಿತ್ತು. ಪರದೆ ಸರಿಸುವ ಸಮಾರಂಭಕ್ಕೆ ನಾಲ್ಕೇ ದಿನವಿದೆ ಎನ್ನುವಾಗ ಅಪ್ಪನಿಗೆ ಜ್ವರ ಏರಿತು. ‘ಕೋವಿಯ ತುದಿ ಒಂದಿಷ್ಟು ನುಣುಪು ಮಾಡು. ಇನ್ನೇನನ್ನೂ ಮುಟ್ಟಬೇಡ’ ಎಂದು ನನಗೆ ಹೇಳಿ ಮಲಗಿದರು. ನಾನು ಇನ್ನೇನನ್ನೂ ಮುಟ್ಟಲಿಲ್ಲ. ಕೋವಿಯ ತುದಿಗೇ ಉಳಿ ಇಟ್ಟು ಒಂದು ಏಟು ಹಾಕಿದೆ. ಹದಿನೆಂಟರ ಹುಮ್ಮಸ್ಸು, ಏಟು ಜೋರಾಯಿತು. ಕೋವಿ ನುಚ್ಚುನೂರಾಯಿತು, ಅದನ್ನು ಹಿಡಿದಿದ್ದ ಕೈಯೂ ಮಣಿಕಟ್ಟಿನಿಂದ ಜೊತೆಗೇ ಹೋಯಿತು.

ಕೂಡಿಸೋಣವೆಂದರೆ ಆರಿಸಿಕೊಳ್ಳುವಷ್ಟು ದೊಡ್ಡ ಚೂರೇ ಉಳಿದಿರಲಿಲ್ಲ. ಅದೇ ಬಂಡೆಯದು ಒಂದು ಅಂಗೈಯಗಲದ ತುಂಡು ಮೂಲೆಯಲ್ಲಿ ಬಿದ್ದಿತ್ತು. ಅದರಲ್ಲಿ ಕೋವಿ ಬರುವ ಹಾಗಿರಲಿಲ್ಲ, ಬಿಚ್ಚಿದ ಕೈಯೊಂದು ಮಾತ್ರ ಬರುತ್ತಿತ್ತು. ಎದುರಿಗೆ ಬೇರೆ ಯಾರೂ ಇಲ್ಲದ್ದರಿಂದ ಸುತ್ತಿಗೆ ಕೆಳಗಿಟ್ಟು ನನ್ನ ಬಲಗೈಯನ್ನೇ ನೋಡಿಕೊಳ್ಳುವುದು, ಮತ್ತೆ ಸುತ್ತಿಗೆ ಹಿಡಿಯುವುದು, ಹೀಗೆ ನಾಲ್ಕು ದಿನ ಕೆತ್ತಿದೆ. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ನನ್ನ ಕಿರುಬೆರಳು ಒಳಕ್ಕೆ ಸೊಟ್ಟಗಾಗಿತ್ತು, ಗಾಬರಿಯಲ್ಲಿ ಆ ಸೊಟ್ಟವೂ ಕಲ್ಲಿಗೆ ಬಂತು. ಒಳಗೊಂದು ಕಬ್ಬಿಣದ ಸಲಾಕೆ ಕೊಟ್ಟು, ಗಾರೆ ತುಂಬಿ, ಮಣಿಕಟ್ಟಿಗೆ ಕೂಡಿಸಿದೆ. ಒಡೆದವನೇ ಕೂಡಿಸಿದ್ದರಿಂದ ಗಟ್ಟಿಯಾಗಿ ನಿಂತಿತು. ಸಮಾರಂಭದ ದಿನ ಅಪ್ಪ ಕಂಬಳಿ ಹೊದ್ದು ಬಂದು ಆ ಕೈಯನ್ನು ಬಹಳ ಹೊತ್ತು ನೋಡಿದರು. ‘ಬೆರಳು ಚೆನ್ನಾಗಿ ಬಂದಿವೆ’ ಎಂದರು. ಆಮೇಲೆ ಸಾಯುವ ತನಕ ಆ ವಿಷಯ ಎತ್ತಲೇ ಇಲ್ಲ.

ಕೋವಿಯಿಲ್ಲದೆ ಕೈ ಚಾಚಿ ನಿಂತ ಸಿಪಾಯಿಯನ್ನು ಕಂಡು ಜನ ಮೊದಲು ಮುಖ ಮುಖ ನೋಡಿಕೊಂಡರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಅಶ್ವತ್ಥಯ್ಯ ಮೇಷ್ಟ್ರು ಎದ್ದು ನಿಂತು, ‘ನೋಡಿ ಮಹನೀಯರೇ, ಎಂಥ ಕಲ್ಪನೆ! ಶತ್ರುವಿಗೂ ಸ್ನೇಹದ ಕೈ ಚಾಚಿದ್ದಾನೆ ನಮ್ಮ ವೀರ’ ಎಂದರು. ಚಪ್ಪಾಳೆಯೋ ಚಪ್ಪಾಳೆ. ಅಲ್ಲಿಂದ ಪ್ರತಿ ವರ್ಷ ಸಿಪಾಯಿ ದಿನದಂದು ಮೇಷ್ಟ್ರು ಆ ಕೈಗೆ ಹೊಸ ಹೊಸ ಅರ್ಥ ಹೇಳುತ್ತಾ ಬಂದಿದ್ದಾರೆ. ಒಂದು ವರ್ಷ ಅದು ದಾನ, ಒಂದು ವರ್ಷ ತ್ಯಾಗ, ಇನ್ನೊಂದು ವರ್ಷ ‘ಕಿರುಬೆರಳು ಮಾತ್ರ ಬಾಗಿದೆ, ಗಮನಿಸಿ, ಇದು ವಿನಯ’. ಆ ವರ್ಷದಿಂದಲೇ ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಲು ಕಲಿತದ್ದು. ಒಂದು ಚಕ್ಕೆಯೂ ಹಾರದಂತೆ ಅಪ್ಪನ ಕೆಲಸ ಮುಗಿಸಿಕೊಟ್ಟ ಹುಡುಗ ಎಂದೇ ಊರು ನನಗೆ ಒಡಕಿನ ಅಂಗಡಿ ಕೊಟ್ಟಿದ್ದು. ಇದಕ್ಕಿಂತ ದೊಡ್ಡ ತಮಾಷೆ ಬೇರೆ ಬೇಕೆ?

ಎಮ್ಮೆ ಕೈ ಕೆಡವಿದ ದಿನ ಎಲ್ಲರಿಗಿಂತ ಮೊದಲು ಓಡಿಹೋದವನು ನಾನೇ. ಮಣಿಕಟ್ಟಿನಿಂದ ತುಕ್ಕು ತಿಂದ ಸಲಾಕೆ ಒಂದು ಗೇಣು ಹೊರಗೆ ಚಾಚಿಕೊಂಡಿತ್ತು, ಆ ತುಕ್ಕಿಗೇ ನನ್ನ ಹಳೆಯ ಬೆಸುಗೆ ಸಡಿಲಾಗಿತ್ತು. ಹೆಗಲ ಮೇಲಿನ ಟವೆಲ್ ತೆಗೆದು ಸುತ್ತಿಬಿಟ್ಟೆ, ‘ಧೂಳು ಕೂರಬಾರದು’ ಎಂದೆ. ಮರುದಿನ ಬೆಳಗಿನ ಜಾವ ಇಕ್ಕಳ ಹಾಕಿ ಅದನ್ನು ಕಿತ್ತು ಅಂಗಿಯ ಒಳಜೇಬಿಗೆ ಇಳಿಸಿ, ತೂತಿಗೆ ಸುಣ್ಣ ತುಂಬಿದೆ. ಒಪ್ಪಿಕೊಂಡರೆ ಅಂಗಡಿ ಹೋಗುತ್ತದೆ, ಅದು ನನ್ನ ಭಯ. ಆದರೆ ಅದಕ್ಕಿಂತ ದೊಡ್ಡ ಭಯ ಹೊನ್ನಕ್ಕನದು.

ಹೊನ್ನಕ್ಕ ಎಂದರೆ ಹೊನ್ನಾಜಮ್ಮ, ಮುದ್ದಯ್ಯನ ತಂಗಿ. ಅರವತ್ತರ ಹತ್ತಿರದ ಹೆಂಗಸು, ಸಂತೆಮಾಳದ ಪಕ್ಕದಲ್ಲೇ ಮನೆ, ಕೋಡುಬಳೆ ಕರಿದು ಮಾರುತ್ತಾಳೆ. ಪ್ರತಿಮೆ ನಿಂತ ಮರುದಿನದಿಂದ ಒಂದು ಬೆಳಗೂ ತಪ್ಪದಂತೆ ಮೊದಲ ಒಬ್ಬೆಯ ಮೊದಲ ಕೋಡುಬಳೆಯನ್ನು ತಂದು ಅಣ್ಣನ ಕಲ್ಲಿನ ಅಂಗೈಯಲ್ಲಿ ಇಡುತ್ತಾಳೆ. ಶಾಲೆಗೆ ಹೋಗುವ ಮಕ್ಕಳಲ್ಲಿ ಯಾರು ಮೊದಲು ಬರುತ್ತಾರೋ ಅವರಿಗೆ ಅದು. ಅದರಿಂದಾಗಿ ನಮ್ಮೂರಲ್ಲಿ ಶಾಲೆಗೆ ತಡವಾಗಿ ಬರುವ ಮಕ್ಕಳೇ ಇಲ್ಲ. ಆ ಕೈ ಮುದ್ದಯ್ಯನದಲ್ಲ, ಕೈಜಾರಿದ ಹುಡುಗನೊಬ್ಬ ತೇಪೆ ಹಾಕಿದ್ದು ಎಂದು ಆಕೆಗೆ ಯಾವ ಬಾಯಲ್ಲಿ ಹೇಳಲಿ?

ಸಿಪಾಯಿ ದಿನಕ್ಕೆ ಒಂಬತ್ತು ದಿನ ಉಳಿದಿತ್ತು. ಎಮ್ಮೆ ಅಲ್ಲವೆಂದು ರುಜುವಾತಾದ ಮೇಲೆ ಊರವರು ತಮ್ಮ ತಮ್ಮ ಮನಸ್ಸನ್ನು ಕೆದಕಿ ನೋಡಿಕೊಳ್ಳತೊಡಗಿದರು. ಮೊದಲು ಬಂದವರು ಮೇಷ್ಟ್ರು. ‘ಪ್ರತಿ ವರ್ಷ ಭಾಷಣಕ್ಕೆ ಮೈಕು ಅದೇ ಕೈಗೆ ನೇತು ಹಾಕಿಸ್ತಿದ್ದೆ ಆಚಾರ್ರೇ. ನಾನೇ ಇರಬೇಕು’ ಎಂದು ತಲೆತಗ್ಗಿಸಿ ಗಾರೆ ಕಲಸಿದರು. ಬೆಳಿಗ್ಗೆ ಕೈ ನೆಲದಲ್ಲಿತ್ತು. ಆಮೇಲೆ ಕ್ಷೌರದವನು ಬಂದ, ಸಂತೆಯ ದಿನ ಆ ಕೈಗೆ ಕನ್ನಡಿ ತೂಗು ಹಾಕುತ್ತಿದ್ದನಂತೆ. ಮದುವೆಯಲ್ಲಿ ಫೋಟೋ ತೆಗೆಸಿಕೊಳ್ಳುವಾಗ ಮುದ್ದಯ್ಯನ ಕೈ ಕುಲುಕಿದ್ದೆ ಎಂದು ಹೊಸ ಮದುಮಗ ಬಂದ. ಚುನಾವಣೆಯಲ್ಲಿ ತೋರಣದ ಹಗ್ಗ ಕಟ್ಟಿದವನೂ ಬಂದ, ಬಿಚ್ಚಿದವನೂ ಬಂದ. ಎಲ್ಲರಿಗೂ ನಾನೇ ಕೈ ಹಿಂದೆ ಕಟ್ಟಿಕೊಂಡು ನಿಂತು ‘ಬೆಲ್ಲದ ನೀರು ಸಾಲದು, ಇನ್ನಷ್ಟು ಹಾಕು’ ಎಂದು ಹೇಳಿಕೊಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎನ್ನುತ್ತಾರಲ್ಲ, ನಮ್ಮಲ್ಲಿ ಇಡೀ ಊರೇ ಹೆಗಲು ಮುಟ್ಟಿಕೊಳ್ಳುತ್ತಿತ್ತು, ಕುಂಬಳಕಾಯಿ ಹೊತ್ತವನೊಬ್ಬನನ್ನು ಬಿಟ್ಟು. ನಾನು ಬಗ್ಗಿದಾಗಲೆಲ್ಲ ಒಳಜೇಬಿನ ಸಲಾಕೆ ಎದೆಗೆ ಚುಚ್ಚುತ್ತಿತ್ತು. ‘ಯಾಕೆ ಹಂಗೆ ಎದೆ ಹಿಡ್ಕೋತೀರಿ, ಡಾಕ್ಟರ ಹತ್ರ ಹೋಗೋಣ’ ಎಂದಳು ರುದ್ರಾಂಬೆ. ಡಾಕ್ಟರು ಏನು ಮಾಡಿಯಾರು!

ಏಳನೆಯ ದಿನ ಹೊನ್ನಕ್ಕ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು. ‘ಲೋ ಮೌನೇಶ, ನಾನು ಕಣೋ. ದಿನಾ ಅಷ್ಟು ಭಾರ ಇಟ್ಟು ಇಟ್ಟು ನಾನೇ ಮುರಿದಿದೀನಿ. ಊರೋರೆಲ್ಲ ಸುಮ್ನೆ ತಮ್ಮ ಮೇಲೆ ಹಾಕ್ಕೋತಾವ್ರೆ’ ಎಂದಳು.

‘ಕೋಡುಬಳೆ ಎಷ್ಟು ಭಾರ ಇರುತ್ತೆ ಹೊನ್ನಕ್ಕ? ಅದರಿಂದ ಕಲ್ಲು ಮುರಿಯುತ್ತಾ?’

‘ಹನ್ನೆರಡು ಸಾವಿರ ಕೋಡುಬಳೆ ಭಾರ ಇರುತ್ತೆ ಕಣೋ. ಹೇಳ್ಕೊಡು ಸುಮ್ನೆ’ ಎಂದು ಬುಟ್ಟಿಯ ಮುಂದೆ ಕೂತಳು. ಹೇಳಿಕೊಡಲು ಏನೂ ಇರಲಿಲ್ಲ. ಕೋಡುಬಳೆ ಹಿಟ್ಟು ನಾದುವ ಕೈ, ಗಾರೆಯನ್ನು ಅಂಥ ಹದಕ್ಕೆ ತಂದವರು ಆ ವಾರದಲ್ಲಿ ಇನ್ನೊಬ್ಬರಿಲ್ಲ. ನಾದುತ್ತಾ ನಾದುತ್ತಾ ತಾನಾಗಿ ಮಾತಿಗೆ ಶುರುಮಾಡಿದಳು. ‘ಅಣ್ಣ ರಜಾ ಮುಗಿಸಿ ಹೊರಟ ದಿನ ಕೋಡುಬಳೆ ಕರೀತಿದ್ದೆ. ಅಷ್ಟರಲ್ಲಿ ಬಸ್ಸು ಬಂದ್ಬಿಡ್ತು. ಎರಡು ಕೈಯಲ್ಲಿ ಹಿಡ್ಕೊಂಡು ಓಡಿ ಬಂದೆ. ಅವನು ಕಿಟಕಿಯಿಂದ ಕೈ ಚಾಚಿದ್ದ, ನಾನು ಬಿಸಿ ಬಿಸಿ ಇದೆ, ಸುಡುತ್ತೆ ಅಂತ ಊದ್ತಾ ನಿಂತೆ. ಬಸ್ಸು ಹೋಗೇಬಿಡ್ತು. ಆ ಚಾಚಿದ ಕೈ ತಿರುವಿನ ತನಕ ಕಾಣ್ತಾ ಇತ್ತು. ಆಮೇಲೆ ನಿಮ್ಮಪ್ಪ ಪರದೆ ಸರಿಸಿದಾಗ ನೋಡ್ತೀನಿ, ಅದೇ ಕೈ! ಹಂಗೇ ಚಾಚವ್ನೆ! ನಿಮ್ಮಪ್ಪಂಗೆ ಅದು ಯಾರು ಹೇಳಿದ್ರೋ, ಮಹಾನುಭಾವ.’

ಆಕೆ ಸ್ಟೂಲು ಹತ್ತಿ, ಗಾರೆ ಮೆತ್ತಿ, ಅಣ್ಣನ ಕೈಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಮಧ್ಯಾಹ್ನದವರೆಗೆ ನಿಂತೇ ಇದ್ದಳು. ಇಳಿಸುವಾಗ ಕಾಲು ಮರಗಟ್ಟಿತ್ತು.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಕಟ್ಟೆಯ ಸುತ್ತ ಜನ ಸೇರಿದ್ದರು. ಹೊನ್ನಕ್ಕ ನೆಲದ ಮೇಲೆ ಕೂತಿದ್ದಳು. ಬಿದ್ದ ಕೈ ಅವಳ ಮಡಿಲಲ್ಲಿತ್ತು, ಅದಕ್ಕೆ ಅಂಟಿದ ಮಣ್ಣನ್ನು ಸೆರಗಿನಿಂದ ಒರೆಸುತ್ತಿದ್ದಳು. ನನ್ನನ್ನು ಕಂಡು, ‘ಅವತ್ತೂ ನನ್ನ ಕೈಯಿಂದ ತಗೊಳ್ಳಲಿಲ್ಲ ಕಣೋ ಮೌನೇಶ. ಇವತ್ತೂ ತಗೊಳ್ಳಲಿಲ್ಲ’ ಎಂದಳು.

ಅಂಗಡಿ ಹಾಳಾಗಿ ಹೋಗಲಿ, ಮಾನ ಮಣ್ಣುಪಾಲಾಗಲಿ, ಇವಳು ಹೀಗೆ 'ನನ್ನಿಂದಾಯಿತು' ಎಂದುಕೊಂಡು ಕೂರಬಾರದು ಎಂದಷ್ಟೇ ಅನ್ನಿಸಿತು. ಒಳಜೇಬಿನಿಂದ ಸಲಾಕೆ ತೆಗೆದು ಕಟ್ಟೆಯ ಮೇಲಿಟ್ಟೆ. ‘ನಾನು ಒಡೆದದ್ದು ಹೊನ್ನಕ್ಕ. ಮೂವತ್ತನಾಲ್ಕು ವರ್ಷದ ಹಿಂದೆ. ಅಪ್ಪ ಅಲ್ಲ, ನಾನು. ಮೊದಲು ಇವನ ಕೈಲಿ ಕೋವಿ ಇತ್ತು, ನನ್ನ ಏಟಿಗೆ ಹೋಯ್ತು. ಆ ಕೈಗೆ ಅರ್ಥ ಗಿರ್ಥ ಏನೂ ಇಲ್ಲ. ಉಳಿದ ಕಲ್ಲಲ್ಲಿ ಅಷ್ಟೇ ಬರ್ತಿತ್ತು, ಅದಕ್ಕೆ ಅಷ್ಟೇ ಕೆತ್ತಿದೆ’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಮೇಷ್ಟ್ರು ಕಟ್ಟೆಯ ಅಂಚಿಗೆ ಕುಸಿದು ಕೂತರು. ‘ಮೂವತ್ತನಾಲ್ಕು ಭಾಷಣ, ಆಚಾರ್ರೇ!’ ಎಂದರು. ‘ದಾನ, ತ್ಯಾಗ, ವಿನಯ!’ ಅವರ ಹಿಂದೆಯೇ ಕೆಂಪೀರಯ್ಯ ಎಗರಿಬಿದ್ದ. ‘ಗೊತ್ತಿದ್ದೂ ಗೊತ್ತಿದ್ದೂ ನಮ್ಮೆಮ್ಮೆ ಕಾಲು ಹಿಡಿಸಿದ್ರಲ್ಲ! ಅದು ಎರಡು ದಿನ ಹಾಲು ಕೊಡಲಿಲ್ಲ, ಗೊತ್ತಾ?’ ನಾನು ತಲೆತಗ್ಗಿಸಿ ನಿಂತಿದ್ದೆ. ನಾನು ಕಾಯುತ್ತಿದ್ದದ್ದು ಅವರ ಮಾತಿಗಲ್ಲ. ಹೊನ್ನಕ್ಕ ಸಲಾಕೆಯನ್ನು ನೋಡಿದಳು, ಮಡಿಲಿನಲ್ಲಿದ್ದ ಕೈಯನ್ನು ನೋಡಿದಳು.

‘ಮೊದಲು ಕೋವಿ ಇತ್ತಾ?’ ಎಂದು ಕೇಳಿದಳು.

‘ಇತ್ತಕ್ಕ.’

ಮಡಿಲಿನ ಕೈಯನ್ನು ಸೆರಗಿನಿಂದ ಮತ್ತೊಮ್ಮೆ ಒರೆಸಿದಳು. ಆಮೇಲೆ, ‘ಕೋವಿ ಹಿಡ್ಕೊಂಡು ನಿಂತಿದ್ದಿದ್ರೆ ನಾನು ಕೋಡುಬಳೆ ಎಲ್ಲಿ ಇಡ್ತಿದ್ನೋ?’ ಎಂದಳು. ನನ್ನ ಕಡೆ ಆ ಕೈಯನ್ನು ನೀಡಿ, ‘ತಗೋ. ಕೂಡ್ಸು’ ಎಂದಳು.

ಹೇಳುವುದು ಸುಲಭ. ಮೂವತ್ತನಾಲ್ಕು ವರ್ಷ ಊರಿಗೆಲ್ಲ ಹೇಳಿಕೊಟ್ಟ ನನಗೆ ಗಾರೆಯ ಬುಟ್ಟಿಗೆ ಕೈ ಹಾಕಿದಾಗ ಅಳತೆಯೇ ಮರೆತುಹೋಯಿತು. ಬೆಲ್ಲದ ನೀರು ಒಂದೇ ಸಲ ಸುರಿದುಬಿಟ್ಟೆ, ಗಾರೆ ಅಂಬಲಿಯಾಯಿತು. ಆಗ ನೋಡಬೇಕಿತ್ತು ನಮ್ಮೂರ ಜನರನ್ನು. ಆ ವಾರದಲ್ಲಿ ಅವರೆಲ್ಲ ಗಾರೆಯಲ್ಲಿ ಪಂಡಿತರಾಗಿದ್ದರು. ಕ್ಷೌರದವನು ಕೈ ಹಿಂದೆ ಕಟ್ಟಿಕೊಂಡು ಬಂದು ನಿಂತ. ‘ಸುಣ್ಣ ಹಾಕಿ ಆಚಾರ್ರೇ. ಅಲ್ಲಲ್ಲ, ಆ ಕಡೆಯಿಂದ’ ಎಂದ. ಮದುಮಗ ಕೈ ಹಿಂದೆ ಕಟ್ಟಿಕೊಂಡ. ತೋರಣ ಕಟ್ಟಿದವನು, ಬಿಚ್ಚಿದವನು, ಮೇಷ್ಟ್ರು, ಕಡೆಗೆ ಕೆಂಪೀರಯ್ಯನೂ ಕೈ ಹಿಂದೆ ಕಟ್ಟಿಕೊಂಡು ಸುತ್ತಲೂ ನಿಂತು ನನಗೆ ಪಾಠ ಹೇಳತೊಡಗಿದರು. ‘ನಮ್ಮೆಮ್ಮೆನೇ ಇದಕ್ಕಿಂತ ನೆಟ್ಟಗೆ ಮೆತ್ತಿತ್ತು’ ಎಂದ ಕೆಂಪೀರಯ್ಯ. ರುದ್ರಾಂಬೆಯಂತೂ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೂ ನಗು ಬಂತು. ಎದೆಯಲ್ಲಿ ಚುಚ್ಚುವುದು ನಿಂತು ಎಷ್ಟು ಹಗುರವಾಗಿತ್ತೆಂದರೆ, ಬೈಸಿಕೊಳ್ಳುವುದೂ ಹಿತವಾಗಿತ್ತು.

ಹೊಸ ಸಲಾಕೆ ಕೊಟ್ಟು, ಕಲ್ಲಿನ ಕೈಯನ್ನು ಮಣಿಕಟ್ಟಿಗೆ ಒತ್ತಿ ಹಿಡಿದು ನಿಂತಿದ್ದಾಗ ಹೊನ್ನಕ್ಕ ಹತ್ತಿರ ಬಂದಳು. ನನ್ನ ಬಲಗೈ ಆ ಕಲ್ಲಿನ ಕೈಯ ಪಕ್ಕದಲ್ಲೇ ಇತ್ತು. ಬೆನ್ನ ಹಿಂದೆ ಅಡಗಿಸಲು ಈಗ ಆಗುತ್ತಿರಲಿಲ್ಲ, ಬಿಟ್ಟರೆ ಬೀಳುತ್ತಿತ್ತು. ಆಕೆ ಒಮ್ಮೆ ಅದರ ಸೊಟ್ಟ ಕಿರುಬೆರಳನ್ನು ಮುಟ್ಟಿದಳು, ಒಮ್ಮೆ ನನ್ನದನ್ನು ಮುಟ್ಟಿದಳು.

‘ಇದು ನಿಂದೇ ಕೈ’ ಎಂದಳು.

‘ಹೂಂ ಅಕ್ಕ. ನೋಡ್ಕೊಂಡು ಕೆತ್ತೋಕೆ ಬೇರೆ ಯಾರೂ ಇರಲಿಲ್ಲ.’

‘ಹಂಗಾದ್ರೆ ಇಷ್ಟು ವರ್ಷ ದಿನಾ ಬೆಳಿಗ್ಗೆ ನಾನು ಕೋಡುಬಳೆ ಇಟ್ಟಿದ್ದು ನಿನ್ನ ಕೈಗೇ ಏನೋ?’

ಹೌದೆಂದು ತಲೆಯಾಡಿಸಿದೆ.

‘ಒಂದಾದ್ರೂ ತಿಂದಿದೀಯಾ?’

‘ಇಲ್ಲ ಹೊನ್ನಕ್ಕ. ಮಕ್ಕಳು ತಗೊಂಡು ಹೋಗ್ತಿದ್ರು. ನಾನು ಮುರಿಯೋ ತಿಂಡಿ ತಿನ್ನೋನಲ್ಲ.’

ಅವಳು ಹೋಗಿ ರುದ್ರಾಂಬೆಯ ಪಕ್ಕ ಕೂತಳು.

ಸಂಜೆ ಕಟ್ಟೆಯ ಮುಂದೆಯೇ ಪಂಚಾಯಿತಿ ಸೇರಿತು. ಒಡಕಿನ ಅಂಗಡಿಗೆ ಇನ್ನು ಮೇಲೆ ಯಾರು ಎಂಬುದು ಪ್ರಶ್ನೆ. ಏನನ್ನೂ ಒಡೆಯದವರು ಯಾರಿದ್ದೀರಿ, ಎದ್ದು ನಿಲ್ಲಿ ಎಂದರು ಮೇಷ್ಟ್ರು. ಒಬ್ಬರೂ ಏಳಲಿಲ್ಲ. ‘ಪರೀಕ್ಷೆ ಮಾಡಿ ಏನೂ ಒಡೆದಿಲ್ಲ ಅಂತ ರುಜುವಾತಾಗಿರೋದು ಊರಲ್ಲಿ ನಮ್ಮೆಮ್ಮೆ ಒಂದೇ’ ಎಂದ ಕೆಂಪೀರಯ್ಯ, ತಮಾಷೆಗೋ ನಿಜಕ್ಕೋ ಹೇಳುವುದು ಕಷ್ಟ. ಎಮ್ಮೆಯೋ ಆಚಾರಿಯೋ ಎಂದು ಸಾಕಷ್ಟು ಚರ್ಚೆ ನಡೆಯಿತು. ಎಮ್ಮೆಯ ಪರವಾಗಿಯೂ ಜನ ಇದ್ದರು. ಕಡೆಗೆ ಹೊನ್ನಕ್ಕ, ‘ಅವನೇ ಇರ್ಲಿ ಬಿಡ್ರಪ್ಪ. ಇಷ್ಟು ದಿನ ಅವನ ಮುಂದೆ ಚೂರು ಹಿಡ್ಕೊಂಡು ಕೂರೋಕೆ ನಾಚಿಕೆ ಆಗ್ತಿತ್ತು, ಇನ್ನು ಮೇಲೆ ಆಗಲ್ಲ’ ಎಂದಳು. ಪಂಚಾಯಿತಿ ಅದಕ್ಕೆ ಒಪ್ಪಿತು. ಒಂದೇ ಒಂದು ಷರತ್ತು ಹಾಕಿದರು, ನಾನು ಹೋಗಿ ಎಮ್ಮೆಗೆ ತಪ್ಪಾಯಿತು ಎನ್ನಬೇಕು. ಅಲ್ಲಿಂದಲೇ ಹೋಗಿ, ಒಂದು ಹೊರೆ ಹಸಿಹುಲ್ಲು ಹಾಕಿ, ತಪ್ಪಾಯಿತು ಎಂದು ಹೇಳಿ ಬಂದೆ.

ಮರುದಿನವೇ ಸಿಪಾಯಿ ದಿನ. ಬೆಳಕು ಹರಿಯುವ ಮೊದಲೇ ಊರು ಕಟ್ಟೆಯ ಸುತ್ತ ನೆರೆದಿತ್ತು. ನಾನು ನೆಲ ನೋಡುತ್ತಲೇ ನಡೆದು ಬಂದೆ. ನೆಲದ ಮೇಲೆ ಏನೂ ಇರಲಿಲ್ಲ. ತಲೆಯೆತ್ತಿದೆ. ಮುದ್ದಯ್ಯ ಕೈ ಚಾಚಿಕೊಂಡು ನಿಂತಿದ್ದ. ಗಾರೆ ಒಂದಿಷ್ಟು ಉಬ್ಬಿ, ಮಣಿಕಟ್ಟಿಗೆ ದಪ್ಪ ಕಡಗ ತೊಡಿಸಿದ ಹಾಗೆ ಒರಟಾಗಿ ಕಾಣುತ್ತಿತ್ತು, ಆದರೆ ನಿಂತಿತ್ತು. ಮೇಷ್ಟ್ರು ಮೈಕನ್ನು ಆ ಸಲ ಬೇರೆ ಕೋಲಿಗೆ ಕಟ್ಟಿಸಿದ್ದರು. ಭಾಷಣದ ಕಾಗದವನ್ನು ಎರಡು ಸಲ ಬಿಚ್ಚಿ ಎರಡು ಸಲ ಮಡಿಸಿ, ‘ಈ ವರ್ಷ ನಾನೇನೂ ಹೇಳುವುದಿಲ್ಲ. ಎಲ್ಲರೂ ಹತ್ತಿರ ಬಂದು ಆ ಕೈಯನ್ನು ನೋಡಿಕೊಂಡು ಹೋಗಿ’ ಎಂದು ಕೂತುಬಿಟ್ಟರು. ಅವರ ಭಾಷಣಗಳಲ್ಲೆಲ್ಲ ಅದೇ ಚೆನ್ನಾಗಿತ್ತು ಎಂದು ಈಗಲೂ ಹೇಳುತ್ತಾರೆ.

ಹೊನ್ನಕ್ಕ ಎಲೆಯಲ್ಲಿ ಎರಡು ಕೋಡುಬಳೆ ಸುತ್ತಿ ತಂದಿದ್ದಳು, ಇನ್ನೂ ಬಿಸಿಯಾಗಿದ್ದವು. ಒಂದನ್ನು ಊದದೆ ಅಣ್ಣನ ಅಂಗೈಯಲ್ಲಿ ಇಟ್ಟಳು. ಕೈ ಅಲುಗಲಿಲ್ಲ. ಮಕ್ಕಳ ಸಾಲಿನಲ್ಲಿ ತಳ್ಳಾಟ ಶುರುವಾಯಿತು. ಅವಳು ಕಟ್ಟೆಯಿಂದ ಇಳಿದು ನೇರ ನನ್ನ ಹತ್ತಿರ ಬಂದಳು. ‘ಕೈ ಮುಂದೆ ತಾ’ ಎಂದಳು. ನಾನು ಬೆನ್ನ ಹಿಂದಿನಿಂದ ಬಲಗೈ ತೆಗೆದು ಚಾಚಿದೆ. ಎರಡನೆಯದನ್ನು ಅದರಲ್ಲಿ ಇಟ್ಟು, ‘ಮೂವತ್ತನಾಲ್ಕು ವರ್ಷದ್ದು ಬಾಕಿ ಐತೆ, ಒಂದರಿಂದ ಶುರು ಮಾಡು’ ಎಂದಳು.

ಊರೆಲ್ಲ ನೋಡುತ್ತಿತ್ತು. ರುದ್ರಾಂಬೆಯೂ ಮುಂದೆ ಬಂದು ನಿಂತಿದ್ದಳು. ನಾನು ಕೋಡುಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ಪಟ್ಟೆಂದು ಮುರಿದೆ. ಸಂತೆಮಾಳದ ಆ ತುದಿಯವರೆಗೂ ಕೇಳಿಸಿತು ಎಂದು ಆಮೇಲೆ ಹೇಳಿದರು. ಅರ್ಧ ಹೊನ್ನಕ್ಕನ ಕೈಗೆ ಕೊಟ್ಟೆ, ಇನ್ನರ್ಧ ಬಾಯಿಗೆ ಹಾಕಿಕೊಂಡೆ. ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಎಂದುಕೊಂಡಿರಬೇಕು ಅವಳು.

‘ಬಿಸಿ ಐತೆ ಕಣೋ’ ಎಂದಳು.

‘ಇರ್ಲಿ ಬಿಡಕ್ಕ’ ಎಂದೆ.